ಬಸವರಾಜ್ ಕೂರಿಸಿದ ಹೊಸ್ತಿಲುಗಳು

ಅಮೆರಿಕದ ಇರ್ವಿಂಗ್‌ನಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ಬಸವರಾಜ್ ಮೂಲತಃ ಇಳಕಲ್ಲಿನವರು. ಊರಿನಲ್ಲಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಂತು ಕೆಲಸ ಕಲಿತವರು, ಟೆಕ್ಸಾಸಿಗೆ ಬಂದ ಮೇಲೆ ಜನರ ಅಡುಗೆಮನೆಗಳಿಗೆ ಕಲ್ಲು ಹಾಸುತ್ತಾ ಬೆಳೆದರು. ೨೦೧೫ರಲ್ಲಿ ಮೊದಲ ಬಾರಿಗೆ, ಬಾಡಿಗೆಗೆ ಕೊಡಲೆಂದು ಎರಡಂತಸ್ತಿನ ಹನ್ನೆರಡು ಮನೆಗಳ ಕಟ್ಟಡ ಕಟ್ಟಿಸಿದರು.

ನಕ್ಷೆಯಲ್ಲಿ ಕೆಳಗಿನ ಮನೆಗಳ ಬಾಗಿಲುಗಳು ನೆಲಕ್ಕೆ ಸಮವಾಗಿದ್ದವು. ಹಾಗೆಯೇ ಕಟ್ಟಿದ್ದರು, ತಪಾಸಣೆಯೂ ಮುಗಿದಿತ್ತು. ಆದರೆ ಗೃಹಪ್ರವೇಶದ ದಿನ ತಾಯಿ ಸುಮಿತ್ರವ್ವ ಬಾಗಿಲಲ್ಲೇ ನಿಂತುಬಿಟ್ಟರು.

"ಹೊಸ್ತಿಲಾನ ಇಲ್ಲಲ್ಲೋ ಬಸು. ಲಕ್ಷ್ಮಿ ಬಂದ್ರ ಎಲ್ಲಿ ನಿಲ್ತಾಳ?"

"ಪಾರ್ಕಿಂಗ್‌ನಾಗ ನಿಲ್ತಾಳ ಬಿಡವ್ವ," ಎಂದು ಮಗ ನಕ್ಕರು. ಮರುವಾರ ಮಾತ್ರ ಎಲ್ಲ ಬಾಗಿಲುಗಳಿಗೂ ದಪ್ಪನೆಯ ಮರದ ಹೊಸ್ತಿಲು ಕೂರಿಸಿದರು. ಸುಮಿತ್ರವ್ವ ಒಂದೊಂದಕ್ಕೂ ಅರಿಸಿನ ಹಚ್ಚಿದರು. ಬಾಡಿಗೆಗೆ ಬಂದ ನಮ್ಮವರೂ ಸಂತೋಷಪಟ್ಟರು.

ಕೆಳಗೆ ಒಂದು ಮನೆ ಖಾಲಿ ಇರುವಾಗ ವಿಜಯಮ್ಮ ನೋಡಲು ಬಂದರು. ಅವರು ಮೈಸೂರಿನ ನಿವೃತ್ತ ಶಿಕ್ಷಕಿ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ನಂತರ ವೀಲ್‌ಚೇರಿನಲ್ಲೇ ಓಡಾಡುತ್ತಿದ್ದರು. ಜೊತೆಗಿದ್ದ ಮಗಳು ಅನಘಾಗೆ ಹ್ಯೂಸ್ಟನ್ನಿಗೆ ವರ್ಗವಾಗಿತ್ತು. ವಿಜಯಮ್ಮನಿಗೆ ಹೋಗಲು ಮನಸ್ಸಿರಲಿಲ್ಲ. ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಾ, ತಮ್ಮ ಪಾಡಿಗೆ ಇಲ್ಲೇ ಇರಬೇಕೆಂದಿದ್ದರು.

ಕುರ್ಚಿಯ ಮುಂದಿನ ಚಕ್ರ ಹೊಸ್ತಿಲಿಗೆ ತಾಗಿ ನಿಂತಿತು.

"ಚಿಂತಿ ಮಾಡಬ್ಯಾಡ್ರಿ ಅಮ್ಮಾರ, ನಮ್ಮ ಹುಡುಗರು ಇಲ್ಲೇ ಇರ್ತಾರ. ಕರದ್ರ ಬಂದು ಎತ್ತತಾರ."

"ದಿನಾ ಎತ್ತಿಸ್ಕೊಂಡು ಓಡಾಡೋಕೆ ನಾನೇನು ಉತ್ಸವಮೂರ್ತಿನಾ ಬಸವರಾಜ್? ಹೊರಗೆ ಸ್ವಲ್ಪ ಬಿಸಿಲು ಕಾಯ್ಬೇಕು ಅಂದ್ರೂ ಇನ್ನೊಬ್ರನ್ನ ಕಾಯ್ಬೇಕಾ?"

ಅವರು ಹೋದ ಮೇಲೆ, ಬಾಡಿಗೆ ವ್ಯವಹಾರ ನೋಡಿಕೊಳ್ಳುವ ನೇಹಾ ಹೇಳಿದಳು: "ಅಂಕಲ್, ಇದು ನಾವು ಉಪಕಾರ ಮಾಡೋ ವಿಷ್ಯ ಅಲ್ಲ, ಕಾನೂನು. ನಾಲ್ಕು ಮನೆ ಅಥವಾ ಹೆಚ್ಚು ಇರೋ ಹೊಸ ಕಟ್ಟಡದಲ್ಲಿ ಕೆಳಗಿನ ಮನೆಗಳಿಗೆ ವೀಲ್‌ಚೇರ್ ಸಲೀಸಾಗಿ ಹೋಗ್ಬೇಕು. ಹೊಸ್ತಿಲು ಮುಕ್ಕಾಲು ಇಂಚು ದಾಟಬಾರ್ದು. ಕಟ್ಟಿಸಿದವರೇ ಅದಕ್ಕೆ ಹೊಣೆ."

"ಇನ್‌ಸ್ಪೆಕ್ಷನ್ ಪಾಸ್ ಆಗೇತಲ್ಲವಾ?"

"ಆಗ ಹೊಸ್ತಿಲು ಎಲ್ಲಿತ್ತು ಅಂಕಲ್?"

ಹೊಸ್ತಿಲು ತೆಗೆಸುತ್ತೇನೆಂದು ಬಸವರಾಜ್ ಮನೆಯಲ್ಲಿ ಹೇಳಿದಾಗ ಸುಮಿತ್ರವ್ವ ಊಟದ ತಟ್ಟೆ ಸರಿಸಿದರು. "ಪೂಜಿ ಮಾಡಿದ್ದನ್ನ ಕೀಳತಿಯೇನು? ಅದೂ ದೀಪಾವಳಿ ಮುಂದಿಟ್ಟುಕೊಂಡು?"

ತಾಯಿಯ ಮಾತು ಮೀರಿ ಅವರಿಗೆ ಅಭ್ಯಾಸವಿರಲಿಲ್ಲ. ವಿಜಯಮ್ಮನಿಗೆ ಫೋನ್ ಮಾಡಿ, "ಹಬ್ಬ ಒಂದು ಮುಗೀಲ್ರಿ, ತಗಸ್ತೀನಿ," ಎಂದರು.

"ಅನಘಾ ಅಷ್ಟರೊಳಗೆ ಶಿಫ್ಟ್ ಆಗ್ಬೇಕು. ಈಗ ನಾವಿರೋ ಮನೆ ಲೀಸ್ ಹಬ್ಬದವರೆಗೂ ಇಲ್ಲಪ್ಪ," ಎಂದರು ವಿಜಯಮ್ಮ.

ಆದರೂ ಬಸವರಾಜ್ ಹಬ್ಬ ಮುಗಿಯಲಿ ಎಂದೇ ಕಾದರು.

ಹಬ್ಬ ಕಳೆದ ಮೇಲೆ, ಕೆಲಸದವರನ್ನು ಕರೆಯದೆ, ಕೆಳಗಿನ ಹೊಸ್ತಿಲುಗಳನ್ನೆಲ್ಲ ತಾವೇ ಕಿತ್ತು ನೆಲ ಸಮ ಮಾಡಿದರು. ಸುಮಿತ್ರವ್ವ ಆ ಕಡೆ ಬರಲೇ ಇಲ್ಲ. ಕೈ ತೊಳೆದು ಬಸವರಾಜ್ ಫೋನ್ ಮಾಡಿದರು.

"ಅಮ್ಮಾರ, ಬಾಗಲಾ ಸಪಾಟ ಆಗ್ಯಾವ. ಯಾವಾಗ ಬರ್ತೀರಿ?"

"ಇನ್ನೆಲ್ಲಿ ಬರ್ಲಪ್ಪ. ಹ್ಯೂಸ್ಟನ್ನಿಗೆ ಬಂದಾಯ್ತು. ಹಿಂದಿನ ರೂಮಲ್ಲಿ ಇದೀನಿ. ಮುಂಬಾಗಿಲಿಗೆ ಮೆಟ್ಟಿಲಿದೆ. ಅನಘಾ ಆಫೀಸಿಂದ ಬಂದ್ಮೇಲೆ ಹೊರಗೆ ಕರ್ಕೊಂಡು ಹೋಗ್ತಾಳೆ." ಮತ್ತೆ ಅವರೇ ಕೇಳಿದರು: "ಮಕ್ಕಳ ಕ್ಲಾಸು ಯಾರು ತಗೊಂಡ್ರು?"

"ಯಾರೂ ಇಲ್ರಿ."

"ಹೌದಾ," ಎಂದು ವಿಜಯಮ್ಮ ಫೋನ್ ಇಟ್ಟರು.

ಆ ಮನೆಯನ್ನು ಬಸವರಾಜ್ ಬಹಳ ದಿನ ಯಾರಿಗೂ ತೋರಿಸಲಿಲ್ಲ. ಕೊನೆಗೆ ನೇಹಾಳೇ ಬಂದು, "ಖಾಲಿ ಇಟ್ರೆ ಅವರಿಗೂ ಸಿಗಲ್ಲ, ಬೇರೆಯವರಿಗೂ ಸಿಗಲ್ಲ ಅಂಕಲ್," ಎಂದಳು. ಅವರು ಕೀಲಿಯನ್ನು ಅವಳ ಕೈಗಿಟ್ಟು, ಮೊದಲು ಯಾರು ಕೇಳಿಕೊಂಡು ಬರುತ್ತಾರೋ ಅವರಿಗೇ ಕೊಡು ಎಂದು ಹೇಳಿ, ಕಲ್ಲಿನ ಗೋದಾಮಿಗೆ ಹೊರಟುಹೋದರು.