ಬಿಸಿಲಿಗೊಂದು, ನೆರಳಿಗೊಂದು

ಮೊನ್ನೆ ಮೊಮ್ಮಗಳು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಒಳಗಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದಳು. ಹೊರಗೆ ಸುಡುಬಿಸಿಲು, ಒಳಗೆ ಕತ್ತಲೆ. ಬರುವುದಿಲ್ಲ ಬಿಡು ಅಂದೆ. ಬಂತು. ಎದುರುಮನೆಯವರು ಒಣಹಾಕಿದ್ದ ಸೀರೆಯ ಅಂಚೂ ಕಂಡಿತು, ನನ್ನ ಮುಖದ ಸುಕ್ಕೂ ಕಂಡಿತು. "ಎಚ್‌ಡಿಆರ್ ತಾತ. ಅದೇ ನಾಕೈದು ಫೋಟೋ ತೆಗ್ದು, ಬಿಸಿಲಿಗೊಂದು ನೆರಳಿಗೊಂದು ಆರಿಸ್ಕೊಂಡು ಸೇರಿಸ್ಬಿಡುತ್ತೆ" ಅಂದಳು. ಕಡೂರಿನಲ್ಲಿ ಜೀವಮಾನವಿಡೀ ಸ್ಟುಡಿಯೋ ನಡೆಸಿದವನಿಗೆ ಪಾಠ!

ಆ ಉಪಾಯ ನಮಗೂ ಗೊತ್ತಿತ್ತು ಕಣ್ರೀ. ಕ್ಯಾಮೆರಾ ಅಲುಗಾಡದಂತೆ ಸ್ಟ್ಯಾಂಡಿಗೆ ಬಿಗಿದು ಎರಡು ಸಲ ತೆಗೆದು, ಆಮೇಲೆ ಡಾರ್ಕ್‌ರೂಮಿನಲ್ಲಿ ಎರಡನ್ನೂ ಒಂದೇ ಕಾಗದಕ್ಕೆ ಇಳಿಸುವುದು. ತಾಳ್ಮೆ ಬೇಕು. ನನ್ನಲ್ಲಿದ್ದದ್ದು ಜಂಬ. ಮೀಟರಿಲ್ಲದೆ ಕಣ್ಣಳತೆಯಲ್ಲೇ ಬೆಳಕು ಹೇಳುತ್ತಾನೆ ಎಂದು ಜನ ಹೊಗಳುತ್ತಿದ್ದರು, ನಾನೂ ನಂಬಿಬಿಟ್ಟಿದ್ದೆ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಯಗಟಿಯ ಸಿದ್ದಪ್ಪ ಕರೆಸಿದ. ಕುರಿ ಸಾಕಿದ್ದವನು, ಮಗಳು ಹುಟ್ಟಿ ತಿಂಗಳಾಗಿತ್ತು. ಮೂವರನ್ನೂ ಅಂಗಳದಲ್ಲಿ ನಿಲ್ಲಿಸೋಣವೆಂದರೆ ಅವನ ತಾಯಿ ಅಡ್ಡ ಬಂದರು. "ಬಾಣಂತಿ ಹೊಸ್ಲು ದಾಟಂಗಿಲ್ಲ ಕಣಪ್ಪಾ. ಗಾಳಿ ಸೋಕುತ್ತೆ. ಅಲ್ಲಿಂದ್ಲೇ ತೆಗಿ."

ಸರಿ, ಸಿದ್ದಪ್ಪ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ ಬಿಸಿಲಿಗೆ ನಿಂತ. ಹೆಂಡತಿ ಗಂಗಮ್ಮ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನೆತ್ತಿ ಹೊಸ್ತಿಲ ಒಳಗೆ ನಿಂತಳು. ಗಂಡನ ಬಿಗುಮಾನ ನೋಡಿ ಆಕೆಗೆ ನಗು ತಡೆಯಲಿಲ್ಲ. ತುಟಿ ಕಚ್ಚಿಕೊಂಡು ನಗುತ್ತಿದ್ದ ಆ ಮುಖ ನನಗೆ ಚೆನ್ನಾಗಿ ಕಂಡಿತು. ಕಣ್ಣಿಗೇನು, ಬಿಸಿಲೂ ಕಾಣುತ್ತದೆ, ನೆರಳೂ ಕಾಣುತ್ತದೆ.

"ಇನ್ನೊಂದ್ ತೆಗೀರಿ ಸ್ವಾಮಿ, ಅವ್ಳು ಕತ್ಲಲ್ಲವ್ಳೆ" ಅಂದ ಸಿದ್ದಪ್ಪ.

"ನನ್ ಕಣ್ಣಳ್ತೆ ತಪ್ಪಲ್ಲ ಕಣಯ್ಯಾ" ಎಂದು ಸ್ಟ್ಯಾಂಡು ಮಡಚಿ ಬಸ್ಸು ಹಿಡಿದೆ.

ಫೋಟೋದಲ್ಲಿ ಅಂಗಿಯ ಗುಂಡಿಗಳನ್ನು ಎಣಿಸಬಹುದಿತ್ತು. ಬಾಗಿಲಿಗೆ ಮಸಿ ಬಳಿದ ಹಾಗಿತ್ತು. ವರ್ಷ ತುಂಬುವುದರೊಳಗೆ ಗಂಗಮ್ಮ ಜ್ವರದಲ್ಲಿ ತೀರಿಕೊಂಡಳು. ಆಕೆಯದು ಅಂತ ಇದ್ದದ್ದು ಅದೊಂದೇ ಫೋಟೋ.

ಎಂಬತ್ತರ ದಶಕದ ಕೊನೆಯಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಅದನ್ನು ಹಿಡಿದು ಸ್ಟುಡಿಯೋಗೆ ಬಂದಳು. ಆ ಕೂಸೇ. "ನಮ್ಮವ್ವನ ಮುಖ ಕಾಣೋ ಹಂಗೆ ಮಾಡಕ್ಕಾಗುತ್ತಾ ಸಾರ್?" ನೆಗೆಟಿವ್ ಹುಡುಕಿ ಬೆಳಕಿಗೆ ಹಿಡಿದೆ. ಆ ಜಾಗ ಖಾಲಿ. ಇಲ್ಲದ್ದನ್ನು ಎಲ್ಲಿಂದ ತರಲಿ? "ಫಿಲ್ಮೇ ಸರಿಯಿರ್ಲಿಲ್ಲಮ್ಮ" ಎಂದು ಸುಳ್ಳು ಹೇಳಿದೆ.

ಹುಡುಗಿ ಹೋಗಲಿಲ್ಲ. "ನೀವು ನೋಡಿದ್ರಲ್ವಾ ಸಾರ್? ಹೆಂಗಿದ್ಳು ನಮ್ಮವ್ವ?"

ಹೇಳಿದರೆ, ಅಷ್ಟು ಚೆನ್ನಾಗಿ ಕಂಡದ್ದು ಫೋಟೋದಲ್ಲಿ ಯಾಕಿಲ್ಲ ಎಂದು ಕೇಳಿಯಾಳು. "ಎಷ್ಟೋ ಜನ ಬತ್ತಾರಮ್ಮ, ನೆನಪಿಲ್ಲ" ಅಂದುಬಿಟ್ಟೆ. ನೆನಪಿತ್ತು. ಎಂಥ ಹೇಡಿ ನಾನು!

ಮೊನ್ನೆ ಮೊಬೈಲು ವಾಪಸು ಕೊಟ್ಟು ಕಣ್ಣು ಮುಚ್ಚಿಕೊಂಡೆ. ಬಿಳಿ ಅಂಗಿ ಬಂತು, ಗುಂಡಿಗಳು ಬಂದವು. ಬಾಗಿಲೊಳಗೆ ಬರೀ ಕಪ್ಪು. ಎಷ್ಟು ತಡಕಿದರೂ ಮುಖ ಬರಲಿಲ್ಲ.

"ಯಗಟಿ ಬಸ್ಸು ಬೆಳಿಗ್ಗೆ ಎಷ್ಟು ಹೊತ್ತಿಗೆ ಅಂತ ವಿಚಾರಿಸ್ತೀಯಾ?" ಎಂದು ಮೊಮ್ಮಗಳನ್ನು ಕೇಳಿದೆ. ಆ ಹುಡುಗಿಯನ್ನು ಎಲ್ಲಿಗೆ ಕೊಟ್ಟಿದ್ದಾರೋ, ಯಗಟಿಯಲ್ಲಿ ಕೇಳಿದರೆ ತಿಳಿಯಬಹುದು. ಅವ್ವ ಹೇಗಿದ್ದಳೆಂದು ಈಗ ನಾನು ಹೇಳಲಾರೆ. ನಗುತ್ತಿದ್ದಳು ಎಂದಾದರೂ ಹೇಳಬೇಕು.