ಕುಂಚಿಗೆ ತೊಟ್ಟ ಕುಂಬಳಕಾಯಿ

ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿದ ನಾನು ಮಾಸ್ತರರ ಹೆಂಡತಿಯಾಗಿ ಗುಳೇದಗುಡ್ಡಕ್ಕೆ ಬಂದದ್ದು ೧೯೫೩ರಲ್ಲಿ. ಮಗ ಪ್ರಭಾಕರನಿಗೆ ಹದಿನಾರು ತಿಂಗಳು ತುಂಬಿದರೂ ಅವನು ಎದ್ದು ನಿಲ್ಲಲಿಲ್ಲ. ಪ್ರತಿ ಸೋಮವಾರ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ, ಬೆಲ್ಲ ಇಳಿಸಿ, ಅವನನ್ನು ಕೂರಿಸಿ ತೂಗಿಸುತ್ತಿದ್ದೆ. ತೂಕ, ಜ್ವರ, ಹಲ್ಲು ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಆ ವಹಿ ಚರ್ಚಿಗೂ ನನ್ನ ಚೀಲದಲ್ಲಿ ಬರುತ್ತಿತ್ತು.

ನೆರೆಮನೆಯ ಸಾವಿತ್ರೆವ್ವನಿಗೆ ಆ ವಹಿ ಕಂಡರೆ ಆಗುತ್ತಿರಲಿಲ್ಲ. ಆಕೆ ವಿಧವೆ, ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಅಜ್ಜನ ಕಾಲದಿಂದ ಕ್ರೈಸ್ತ ಮನೆತನ, ಅಕ್ಷರ ಬಾರದು. ರವಿವಾರ ಚರ್ಚಿನಲ್ಲಿ ಪಾದ್ರಿ ಅಯ್ಯನವರ ಪ್ರಸಂಗದಲ್ಲಿ ಚೆನ್ನಾಗಿ ನಿದ್ದೆ ಮಾಡಿ, ಉಳಿದ ಆರು ದಿನ ತಾನೇ ಪ್ರಸಂಗ ಮಾಡುತ್ತಿದ್ದಳು.

ಒಮ್ಮೆ ಆಕೆಯ ಆಡು ನನ್ನ ಕೀರ್ತನೆಯ ಪುಸ್ತಕವನ್ನು ಅರ್ಧ ತಿಂದಿತು.

"ಈಗ ಇದರ ಹೊಟ್ಯಾಗ ಅರವತ್ತು ಕೀರ್ತನಿ ಅದಾವು ಯವ್ವಾ," ಎಂದಳು ಆಕೆ. "ಆದ್ರೂ ಬೇಲಿ ಹಾರೂದು ಬಿಟ್ಟೈತೇನು? ನುಂಗಿದ್ದೆಲ್ಲಾ ಮೈಗೆ ಹತ್ತೂದಿಲ್ಲ. ನಂದೂ ಹಂಗ, ನಿಂದೂ ಹಂಗ."

ಆಕೆಯ ಮಾಳಿಗೆಯ ಮೇಲೆ ಕುಂಬಳದ ಬಳ್ಳಿ ಹಬ್ಬಿತ್ತು. ಮೊದಲ ಎಳೆಗಾಯಿ ಕಂಡಾಗ ನಾನು ಬೊಟ್ಟು ಮಾಡಿ ತೋರಿಸಿದೆ. ನಾಲ್ಕು ದಿನಕ್ಕೆ ಅದು ಕೊಳೆತು ಬಿತ್ತು.

"ಎಳಿ ಕಾಯಿಗೆ ಬೊಟ್ಟು ಮಾಡ್ತಾರೇನ? ನಾಚಿ ಕೊಳೀತು ನೋಡು!"

"ಅದೆಲ್ಲಾ ಮೂಢನಂಬಿಕಿ, ಆಯಿ. ನಾವು ಕ್ರೈಸ್ತರು."

"ಹಂಗಾರ ನಿನ್ನ ಕ್ರೈಸ್ತ ಬೊಟ್ಟಿಗೆ ಯಾಕ ಕೊಳೀತು?"

ನಾನು ವಹಿ ತೆರೆದು ಪ್ರಭಾಕರನ ಹಲ್ಲು ಎಣಿಸತೊಡಗಿದೆ.

"ದೇವರು ಬೆಳಸೂದನ್ನ ದಿನಾ ಮುಸುಕು ತಗದು ನೋಡಬಾರದು," ಎಂದಳು. "ನನ್ನ ಆತ್ಮಾನೂ ನಾ ನೋಡಾಕ ಹೋಗೂದಿಲ್ಲ. ಎಷ್ಟು ಬೆಳದಿ ಅಂತ ಕೇಳಿದ್ರ ಅದಕ್ಕೂ ನಾಚಿಕಿ."

ಎರಡನೆಯ ಕಾಯಿ ಬಿಟ್ಟಾಗ ಆಕೆ ಖಣದ ತುಂಡಿನಲ್ಲಿ ಅದಕ್ಕೊಂದು ಕುಂಚಿಗೆ ಹೊಲಿದಳು, ಕೂಸಿಗೆ ಹಾಕುವಂಥದೇ, ತಲೆಯಿಂದ ಬೆನ್ನಿನ ತನಕ ಮುಚ್ಚುವಂಥದು. ಉಳಿದ ಬಟ್ಟೆಯಲ್ಲಿ ಪ್ರಭಾಕರನಿಗೂ ಒಂದು ಹೊಲಿದಳು.

ಸುಗ್ಗಿಯ ಸ್ತೋತ್ರದ ರವಿವಾರ ಬಂತು. ಅಂದು ಮೊದಲ ಫಲವನ್ನು ಚರ್ಚಿನ ಮೇಜಿನ ಮೇಲಿಟ್ಟು, ಆರಾಧನೆಯ ಕೊನೆಗೆ ಲಿಲಾವು ಕರೆಯುತ್ತಾರೆ; ಹೆಚ್ಚು ಬೆಲೆ ಕೂಗಿದವರಿಗೆ ಅದು. ದೇವರಿಗೆ ಕೊಟ್ಟದ್ದನ್ನು ಕೊಟ್ಟವರೂ ಸುಮ್ಮನೆ ಹಿಂದಕ್ಕೆ ಒಯ್ಯುವಂತಿಲ್ಲ. ಪ್ರಭಾಕರ ಅತ್ತದ್ದಕ್ಕೆ ಸಾವಿತ್ರೆವ್ವ ಅವನನ್ನು ಹೊರಗೆ ಎತ್ತಿಕೊಂಡು ಹೋದಳು. ತಿರುಗಿ ಒಂದು ಬಗಲಲ್ಲಿ ನಿದ್ದೆ ಹೋದ ಕೂಸು, ಇನ್ನೊಂದರಲ್ಲಿ ಕುಂಬಳ, ಎರಡನ್ನೂ ಒಂದೇ ಖಣದ ಕುಂಚಿಗೆಯಲ್ಲಿ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಹಿರಿಯ ಸಮುವೇಲಪ್ಪನವರು ಪ್ರಾರ್ಥನೆ ಶುರು ಮಾಡಿದ್ದರು. ಪ್ರಾರ್ಥನೆಯಲ್ಲಿ ಕಣ್ಣು ತೆರೆಯುವುದು ನಮ್ಮ ಸಭೆಯಲ್ಲಿ ದೊಡ್ಡ ತಪ್ಪು. ಆಕೆ ಕಣ್ಣು ಮುಚ್ಚಿಕೊಂಡೇ ತಡವರಿಸುತ್ತ ಒಂದು ಗಂಟನ್ನು ಮೇಜಿಗೂ ಒಂದನ್ನು ನನ್ನ ಮಡಿಲಿಗೂ ಮುಟ್ಟಿಸಿದಳು.

ನಾನೂ ಕಣ್ಣು ತೆರೆಯಲಿಲ್ಲ. ಮುಟ್ಟಿ ನೋಡಿದೆ: ತಣ್ಣಗಿದ್ದಾನೆ, ಜ್ವರವಿಲ್ಲ. ಭಾರವಾಗಿದ್ದಾನೆ, ಅಂಗಡಿಯ ತಕ್ಕಡಿಯೇ ಸುಳ್ಳು. ಅಳುತ್ತಿಲ್ಲ. ಅರ್ಧ ತಾಸಿನ ಪ್ರಾರ್ಥನೆಯುದ್ದಕ್ಕೂ ತಟ್ಟಿ ಮಲಗಿಸುತ್ತ, ಹದಿನಾರು ತಿಂಗಳಲ್ಲಿ ಮೊದಲ ಬಾರಿಗೆ ನಿಶ್ಚಿಂತೆಯಿಂದ ದೇವರನ್ನು ಸ್ತುತಿಸಿದೆ. "ಆಮೆನ್" ಎಂದು ಮುದ್ದಿಸಲು ಬಗ್ಗಿ ಕಣ್ಣು ತೆರೆದರೆ ಮೂಗಿರಬೇಕಾದಲ್ಲಿ ಕುಂಬಳದ ತೊಟ್ಟು ಇತ್ತು.

ಅತ್ತ ದೃಷ್ಟಿ ಮಂದವಾದ ಸಮುವೇಲಪ್ಪನವರು ಮೇಜಿನ ಗಂಟನ್ನು ತಟ್ಟಿ, "ಸಾವಿತ್ರೆವ್ವನ ಕಾಯಿ! ಕೂಗ್ರಿ!" ಎಂದರು.

"ಎಂಟಾಣೆ!" ಹಿಂದಿನಿಂದ ಯಾರೋ ಕೂಗಿದರು.

ಕಾಯಿಗೆ ಸಿಟ್ಟು ಬಂತು. ಅದು ಪಕ್ಕದ ಜೋಳದ ಸಿವುಡನ್ನು ಹಿಡಿದು, ತೆನೆಗಳನ್ನು ಅಲುಗಿಸುತ್ತ, ಎದ್ದು ನಿಂತಿತು. ಇಡೀ ಸಭೆ ಅದರತ್ತ ಬೊಟ್ಟು ಮಾಡಿತು.

"ಬೊಟ್ಟು ಮಡಚ್ರೋ ಎಲ್ಲಾರೂ!" ಸಾವಿತ್ರೆವ್ವ ಕಿರಿಚಿದಳು.

ಎಲ್ಲರೂ ಮುಷ್ಟಿ ಕಟ್ಟಿದರು. ಅಯ್ಯನವರು ನಿಲುವಂಗಿಯೊಳಗೆ ಕೈ ಬಚ್ಚಿಟ್ಟರು. ನಾನು ಎರಡೂ ಕೈಗಳನ್ನು ಕುಂಬಳದ ಕುಂಚಿಗೆಯೊಳಗೆ ತುರುಕಿದೆ. ಪ್ರಭಾಕರ ಸಾಕೆನಿಸುವಷ್ಟು ಹೊತ್ತು ನಿಂತು, ಬದನೆಕಾಯಿಗಳ ಮೇಲೆ ಕುಳಿತ.

ಓಡಿಹೋಗಿ ಎತ್ತಿಕೊಳ್ಳಲು ಹೋದರೆ ಸಮುವೇಲಪ್ಪನವರು ಬಿಡಲಿಲ್ಲ. "ಲಿಲಾವು ಕರದೈತ್ರಿ ಬಾಯಾರ. ಪುಕ್ಕಟೆ ಬರೂದಿಲ್ಲ."

"ಇದನ್ನ ತಗೋರಿ," ಎಂದು ಕುಂಬಳಕಾಯಿ ಕೊಟ್ಟೆ.

"ಅದು ನಂದು. ನಿಂದೇನರ ಕೊಡು," ಎಂದಳು ಸಾವಿತ್ರೆವ್ವ, ನನ್ನ ಚೀಲ ನೋಡುತ್ತ.

ವಹಿ ಕೊಟ್ಟು ಮಗನನ್ನು ಬಿಡಿಸಿಕೊಂಡೆ. ಅದಕ್ಕೆ ಯಾರೂ ಬೆಲೆ ಕೂಗಲಿಲ್ಲವಾದ್ದರಿಂದ ಸಾವಿತ್ರೆವ್ವನೇ ಮನೆಗೆ ಒಯ್ದು ಆಡಿಗೆ ಹಾಕಿದಳು. ಹದಿನಾರು ತಿಂಗಳ ತೂಕವನ್ನೆಲ್ಲ ತಿಂದ ಮೇಲೂ ಅದು ಮರುದಿನ ಬೇಲಿ ಹಾರಿತು. ಅದನ್ನು ನೋಡಲು ಪ್ರಭಾಕರ ನನ್ನ ಸೀರೆ ಹಿಡಿದು ಎದ್ದು ನಿಂತ. ನಾನು ಆಡನ್ನಷ್ಟೇ ನೋಡಿದೆ.