ಅಪ್ಪನ ಈಜಿನ ಪಾಠ

ನಾನು ಚಿಕ್ಕವನಿದ್ದಾಗ, ದಾವಣಗೆರೆಯ ನಮ್ಮ ಓಣಿಯಲ್ಲಿ ಅಪ್ಪನಷ್ಟು ಬೇಗ ಹೊಸದನ್ನು ಕಲಿಯುವವರು ಇನ್ನೊಬ್ಬರಿರಲಿಲ್ಲ. ಹತ್ತಿ ವ್ಯಾಪಾರ ಮಾಡುತ್ತಲೇ ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವುದನ್ನು ಕಲಿತಿದ್ದ. ಅತ್ತರು ಮಾರುವ ಸಾಬರ ಪಕ್ಕ ಕೂತು ಉರ್ದು ಅಕ್ಷರ ತಿದ್ದಿದ್ದ. ಒಮ್ಮೆ ಯಾರಿಗೂ ಹೇಳದೆ ಚಿತ್ರದುರ್ಗದವರೆಗೆ ಸೈಕಲ್ ತುಳಿದು, ಕೋಟೆ ಹತ್ತಿ ಬಂದು, ಅವ್ವನ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದ. ಅಂಥವನಿಗೆ ಈಜು ಮಾತ್ರ ತಲೆಗೆ ಹತ್ತಲಿಲ್ಲ ನೋಡಿ.

ಅವನಿಗೆ ಈಜು ಕಲಿಸುತ್ತಿದ್ದವಳು ನಮ್ಮ ಅಕ್ಕ. ಹರಿಹರದ ಅಜ್ಜಿಯ ಮನೆಗೆ ಹೋದಾಗಲೆಲ್ಲ ಹೊಳೆಗಿಳಿದು, ಈಚೆ ದಡದಿಂದ ಆಚೆ ದಡ ಮುಟ್ಟಿ ಬರುತ್ತಿದ್ದಳು. ಅವಳಿಗೆ ಹನ್ನೆರಡು ತುಂಬಿದ್ದೇ ತಡ, ಅವ್ವ, "ಇನ್ನ ಹೊಳಿ ಸಾಕು. ದೊಡ್ಡಾಕಿ ಆಗ್ತಾ ಬಂದಿ, ಮನ್ಯಾಗಿರು" ಎಂದಳು. ಅಕ್ಕ ಎರಡು ದಿನ ಊಟ ಬಿಟ್ಟಳು. ಆಗ ಅಪ್ಪ, "ನನಗ ಈಜಾಕ ಬರಂಗಿಲ್ಲ. ಅವಳು ಕಲಿಸಲಿ. ನಾ ಕಲ್ತ ಮ್ಯಾಲೆ ಬಿಡಿಸಿದ್ರಾತು" ಎಂದ. ಅವ್ವ ಗೊಣಗುತ್ತಲೇ ಒಪ್ಪಿದಳು.

ಹೀಗೆ ಬೇಸಿಗೆಯ ಭಾನುವಾರಗಳಲ್ಲಿ ಬೆಳಗಿನ ರೈಲಿಗೆ ನಾವು ಮೂವರೂ ಹರಿಹರಕ್ಕೆ ಹೋಗುತ್ತಿದ್ದೆವು. ತುಂಗಭದ್ರೆಯ ನೀರು ತಣ್ಣಗಿರುತ್ತಿತ್ತು. ಕಾಲಡಿ ನುಣುಪು ಕಲ್ಲು, ಸುತ್ತ ಒದ್ದೆ ಮರಳಿನ ವಾಸನೆ. ಕಲಿಯುವವರು ತೇಲಲೆಂದು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ರೂಢಿ. ಅಪ್ಪ ಅದನ್ನು ಸೊಂಟದ ಕೆಳಗೆ ಕಟ್ಟಿಕೊಳ್ಳುತ್ತಿದ್ದ. ನೀರಿಗಿಳಿದರೆ ಕಾಲು ಮೇಲೆ, ತಲೆ ಕೆಳಗೆ. ಬಟ್ಟೆ ಒಗೆಯುವವರೆಲ್ಲ ಕೈ ನಿಲ್ಲಿಸಿ ನಗುತ್ತಿದ್ದರು. "ಎಷ್ಟ್ ಸಲ ಹೇಳಬೇಕಪ್ಪ ನಿನಗ, ಮ್ಯಾಲೆ ಕಟ್ಟು" ಎಂದು ಅಕ್ಕ ಗದರುತ್ತಿದ್ದಳು. ಅಪ್ಪ ತಲೆ ತಗ್ಗಿಸಿ "ಆತವ್ವ" ಎನ್ನುತ್ತಿದ್ದ. ನನಗಂತೂ ನಾಚಿಕೆಯಾಗುತ್ತಿತ್ತು.

ಎರಡನೆಯ ಬೇಸಿಗೆಯ ಒಂದು ಭಾನುವಾರ. ಅಕ್ಕ ಒದ್ದೆ ಬಟ್ಟೆ ಬದಲಿಸಲು ಅಜ್ಜಿಯ ಮನೆಗೆ ಹೋಗಿದ್ದಳು. ನಾನು ಆಡುತ್ತಾ ಆಡುತ್ತಾ ಬುರುಡೆಯನ್ನು ಸೆಳವಿಗೆ ಬಿಟ್ಟುಬಿಟ್ಟೆ. ಅದು ತೇಲಿಕೊಂಡು ನಡುಹೊಳೆ ಸೇರಿತು. ಅಪ್ಪ ದಡದಿಂದ ಧುಮುಕಿಯೇ ಬಿಟ್ಟ. ಮುಳುಗಿಯೇ ಹೋದನೆಂದು ನಾನು "ಅಪ್ಪಾ" ಎಂದು ಕಿರುಚಿದೆ. ಆದರೆ ಅವನು ಉದ್ದುದ್ದ ಕೈ ಬೀಸಿ ಅಲ್ಲಿಯವರೆಗೆ ಈಜಿ, ಬುರುಡೆ ಹಿಡಿದು, ಆರಾಮಾಗಿ ಮರಳಿ ಬಂದ.

"ನಿನಗ ಈಜಾಕ ಬರ್ತೈತೇನಪ್ಪ?" ಎಂದೆ.

ಅಪ್ಪ ಮೀಸೆಯ ನೀರು ಒರೆಸಿಕೊಂಡು ನನ್ನ ಪಕ್ಕ ಕೂತ. "ಹೋದ ವರ್ಷನ ಬಂತು. ಅಕ್ಕಗ ಹೇಳಬ್ಯಾಡ. ನಾ ಕಲ್ತೆ ಅಂತ ಗೊತ್ತಾದ್ರ ಅವಳ ಹೊಳಿ ನಿಲ್ತೈತೆ."

ದೂರದಲ್ಲಿ ಅಕ್ಕ ಬರುವುದು ಕಂಡಿತು. ಅಪ್ಪ ಎದ್ದು ಬುರುಡೆಯನ್ನು ಮತ್ತೆ ಸೊಂಟದ ಕೆಳಗೇ ಕಟ್ಟತೊಡಗಿದ. ಅಕ್ಕ ಹಣೆ ಚಚ್ಚಿಕೊಂಡಳು. ಅಂದು ನನಗೆ ನಾಚಿಕೆಯಾಗಲಿಲ್ಲ. ಅಪ್ಪನ ಮೇಲೆ ಪ್ರೀತಿ ಉಕ್ಕಿ ಕಣ್ಣು ತುಂಬಿಕೊಂಡಿತು.

ಈಗ ಹೊಸ ಶತಮಾನ ಬರುತ್ತಿದೆ ಎಂದು ಟೀವಿಯಲ್ಲಿ ದಿನಾ ಹೇಳುತ್ತಿದ್ದಾರೆ. ನಮ್ಮ ನಿಜಲಿಂಗಪ್ಪ ಬಡಾವಣೆಯ ಮನೆಯಿಂದ ನನ್ನ ಮೊಮ್ಮಕ್ಕಳಾದ ನೀವು ಹುಡುಗಿಯರು ಸೈಕಲ್ ಹತ್ತಿ ಕಂಪ್ಯೂಟರ್ ಕ್ಲಾಸಿಗೂ ಹೋಗುತ್ತೀರಿ, ಈಜುಕೊಳಕ್ಕೂ ಹೋಗುತ್ತೀರಿ. "ಹೋಗಿ ಬರ್ತೀವಿ" ಎಂದರೆ ಮುಗಿಯಿತು, ಯಾರೂ ತಡೆಯುವುದಿಲ್ಲ. ನನ್ನ ಅಕ್ಕನಿಗೆ ಹೊಳೆ ಉಳಿಯಬೇಕಾದರೆ, ಊರಿಗೇ ಜಾಣನಾದ ಅಪ್ಪ ಮೂರು ಬೇಸಿಗೆ ದಡ್ಡನಾಗಿರಬೇಕಾಯಿತು.